ಅಪ್ಪ ಓದಿ ಹೇಳಿದ ಕಾರ್ಡುಗಳು

ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದದ್ದು ಹೆಣ್ಣುಮಕ್ಕಳು ಕಲಿಯಲಿ ಎಂದಲ್ಲ. ಬಳ್ಳಾರಿಯ ಒಂದು ಗಂಡಿನ ಮನೆಯವರು ನಮ್ಮ ಅಕ್ಕನನ್ನು ನೋಡಲು ಕಂಪ್ಲಿಗೆ ಬಂದಿದ್ದರು. ಉಪ್ಪಿಟ್ಟು ತಿಂದರು, ಸಜ್ಜಿಗೆ ಎರಡೆರಡು ಸಲ ಹಾಕಿಸಿಕೊಂಡರು, ಹುಡುಗಿ ಲಕ್ಷಣವಾಗಿದ್ದಾಳೆ ಎಂದರು. ಏಳುವಾಗ ಹುಡುಗನ ಸೋದರಮಾವ, "ಓದಾಕ ಬರಿಯಾಕ ಬರ್ತೈತೇನ್ರಿ?" ಎಂದು ಕೇಳಿದ. ಹುಡುಗ ಸರ್ಕಾರಿ ಗುಮಾಸ್ತ. ಊರೂರಿಗೆ ವರ್ಗವಾಗುವವನಿಗೆ ಕಾಗದ ಓದಿಕೊಳ್ಳುವ ಹೆಂಡತಿ ಬೇಕಿತ್ತು. ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ.

ಅಲ್ಲಿಯವರೆಗೆ ಹೆಣ್ಣು ಓದಿದರೆ ಮನೆ ಕೆಡುತ್ತದೆ ಎನ್ನುತ್ತಿದ್ದ ಅಪ್ಪ ಒಂದೇ ವಾರದಲ್ಲಿ ಸ್ತ್ರೀವಿದ್ಯೆಯ ಪಕ್ಷಪಾತಿಯಾದ. ಅವನದು ಅಕ್ಕಿ ಗಿರಣಿ, ಜೊತೆಗೆ ಕಾಲುವೆ ಕೆಳಗೆ ಕಬ್ಬಿನ ಹೊಲ. ಊರಲ್ಲಿ ಅವನ ಮಾತಿಗೆ ತೂಕವಿತ್ತು. ತನ್ನಂಥ ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಬಳ್ಳಾರಿಗೆ ಹೋಗಿ ಶಾಲೆ ಮಂಜೂರು ಮಾಡಿಸಿಕೊಂಡು ಬಂದ, ಓಣಿಯ ತುದಿಯಲ್ಲಿದ್ದ ತನ್ನದೇ ಒಂದು ಮನೆಯನ್ನು ಬಿಟ್ಟುಕೊಟ್ಟ, ಒಂದು ಕರಿಹಲಗೆ ತರಿಸಿದ. ಅಕ್ಕನಿಗೆ ಅಷ್ಟರಲ್ಲಿ ವಯಸ್ಸು ಮೀರಿತು ಎಂದು ಅವಳನ್ನು ಸಂಡೂರಿನ ಕಡೆ ಓದಿನ ಮಾತೆತ್ತದ ಒಂದು ಮನೆಗೆ ಕೊಟ್ಟರು. ಶಾಲೆಯ ಲಾಭ ಒಂಬತ್ತು ವರ್ಷದ ನನಗೆ ಬಂತು.

ಎಷ್ಟು ಕಲಿಯಬೇಕು ಎಂಬುದನ್ನೂ ಹಿರಿಯರೇ ಕೂತು ತೀರ್ಮಾನಿಸಿದರು. ಹೆಸರು ಬರೆಯಲು ಬರಬೇಕು, ದೇವರ ಪದ ಓದಲು ಬರಬೇಕು, ಗಂಡನ ಕಾಗದ ಬಂದರೆ ತಿಳಿಯಬೇಕು. ಅದಕ್ಕಿಂತ ಹೆಚ್ಚು ಬ್ಯಾಡ. ಗಿಡಕ್ಕೆ ನೀರು ಬಿಟ್ಟು ಮೊಳಕಾಲುದ್ದ ಬೆಳೆದರೆ ಸಾಕು ಎಂದು ಅದರ ಮುಂದೆ ನಿಂತು ಹೇಳಿದ ಹಾಗಿತ್ತು.

ಪಾಠ ಹೇಳಲು ಬಂದವರು ಇಪ್ಪತ್ತೈದು ಇಪ್ಪತ್ತಾರರ ಹೆಂಗಸು. ನಾವು ಅವರನ್ನು ಅಕ್ಕೋರು ಎಂದು ಕರೆಯುತ್ತಿದ್ದೆವು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವರು, ಬಳ್ಳಾರಿಯಲ್ಲಿ ಟ್ರೈನಿಂಗ್ ಮುಗಿಸಿದವರು. ಓಣಿಯ ಯಾವ ಮದುವೆಗೂ ಯಾವ ಸೀಮಂತಕ್ಕೂ ಅವರನ್ನು ಕರೆಯುತ್ತಿರಲಿಲ್ಲ. ಶುಭಕಾರ್ಯದಲ್ಲಿ ಅವರ ಮುಖ ನೋಡಬಾರದಂತೆ. ಅದೇ ಮುಖದ ಮುಂದೆ ತಮ್ಮ ಹೆಣ್ಣುಮಕ್ಕಳನ್ನು ದಿನಕ್ಕೆ ಆರು ತಾಸು ಕೂಡಿಸಲು ಈ ಜನಕ್ಕೆ ಏನೂ ಅನ್ನಿಸುತ್ತಿರಲಿಲ್ಲ. ಅಕ್ಕೋರು ಇದನ್ನೆಲ್ಲ ಬಲ್ಲವರಂತೆ ಸುಮ್ಮನಿದ್ದು, ಚೆನ್ನಾಗಿ ಪಾಠ ಹೇಳುತ್ತಿದ್ದರು. ಅವರ ತಪ್ಪೇ ಅದು, ಚೆನ್ನಾಗಿ ಹೇಳಿದ್ದು.

ಶಾಲೆಯಲ್ಲಿ ಇದ್ದದ್ದು ಒಂದೇ ಪಾಠದ ಪುಸ್ತಕ, ಒಂದು ವಾಚಕ. ಅದು ನಾಲ್ಕು ತಿಂಗಳಲ್ಲಿ ನಮಗೆ ಬಾಯಿಪಾಠವಾಯಿತು. ಆಗ ಅಕ್ಕೋರು, "ಬಾಯಿಪಾಠ ಓದಲ್ಲ. ಮನ್ಯಾಗ ಅಕ್ಷರ ಇರೋದು ಏನ್ ಸಿಗ್ತೈತೋ ಅದನ್ನ ಓದ್ಕೊಂಡ್ ಬಂದು ನನಗ ಹೇಳ್ರಿ" ಎಂದರು. ನಾನು ಸಾಬೂನಿನ ಕಾಗದ ಓದಿದೆ, ಅಂಗಡಿಗಳ ಹಲಗೆ ಓದಿದೆ, ಅಣ್ಣನಿಗೆ ಟಪಾಲಿನಲ್ಲಿ ಬರುತ್ತಿದ್ದ ಪತ್ರಿಕೆಯ ದಪ್ಪಕ್ಷರ ಓದಿದೆ. ಎಲ್ಲ ಮುಗಿದ ಮೇಲೆ ಗಿರಣಿಗೆ ಹೋದೆ. ಅಲ್ಲಿ ಅಪ್ಪ ಕೂಡುವ ಗಾದಿಯ ಪಕ್ಕದ ಗೋಡೆಗೆ ಒಂದು ಕಬ್ಬಿಣದ ತಂತಿ ಇತ್ತು. ಬಂದ ಕಾಗದಗಳನ್ನೆಲ್ಲ ಓದಿ ಅದಕ್ಕೆ ಚುಚ್ಚುತ್ತಿದ್ದರು. ಅಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ ನಾನು ಗಾದಿಯ ಮೇಲೆ ನಿಂತು ತಂತಿಯನ್ನು ಇಳಿಸಿಕೊಂಡೆ.

ನಮ್ಮ ಅತ್ತಿಗೆಯ ವಿಷಯ ಇಲ್ಲಿ ಹೇಳಬೇಕು. ಅವಳು ಬುಕ್ಕಸಾಗರದ ಬತ್ತ ಬೆಳೆಯುವ ಮನೆಯವಳು. ಅಣ್ಣನನ್ನು ಮದುವೆಯಾಗಿ ಮೂರು ವರ್ಷವಾಗಿತ್ತು. ತಂದೆ ಇರಲಿಲ್ಲ. ತಾಯಿ, ಒಬ್ಬ ತಮ್ಮ. ಹಿಂದಿನ ಪಂಚಮಿಗೆ ಆ ತಮ್ಮ ಅಕ್ಕನನ್ನು ಕರೆದೊಯ್ಯಲು ಬಂದಿದ್ದ. ಹದಿನೇಳು ವರ್ಷದ ಹುಡುಗ. ಅಪ್ಪ ಅವನನ್ನು ಅಂಗಳದಲ್ಲೇ ನಿಲ್ಲಿಸಿ, "ಒಬ್ಬನೇ ಬಂದೀಯಲ್ಲ, ನಿಮ್ಮನ್ಯಾಗ ದೊಡ್ಡೋರಿಲ್ಲೇನು? ರೀತಿ ರಿವಾಜು ಗೊತ್ತಿದ್ದೋರನ್ನ ಕರ್ಕೊಂಡ್ ಬಾ" ಎಂದು ವಾಪಸು ಕಳಿಸಿದ. ಅವರ ಮನೆಯಲ್ಲಿ ದೊಡ್ಡ ಗಂಡಸರು ಇಲ್ಲ ಎಂಬುದು ಅಪ್ಪನಿಗೆ ಗೊತ್ತಿತ್ತು. ಆ ಹುಡುಗ ಅಂದಿನಿಂದ ಬರಲಿಲ್ಲ. ಕಾರ್ಡು ಬರೆಯುತ್ತಿದ್ದ.

ಕಾರ್ಡು ಬಂದಾಗ ಅಪ್ಪ ಅದನ್ನು ಮನೆಗೆ ತಂದು, ಪಡಸಾಲೆಯಲ್ಲಿ ನಿಂತು, ಅಡಿಗೆಮನೆಗೆ ಕೇಳುವ ಹಾಗೆ ಓದುತ್ತಿದ್ದ. "ನಾವೆಲ್ಲ ಆರಾಮ ಇದ್ದೀವಿ. ಅವ್ವ ಆರಾಮ ಇದ್ದಾಳೆ. ಮಳೆಬೆಳೆ ಚಲೋ ಐತಿ. ಅತ್ತೆಮಾವನ ಸೇವೆ ಮಾಡ್ಕೊಂಡು ಇರು." ಅತ್ತಿಗೆ ಬಾಗಿಲ ಮರೆಯಲ್ಲಿ ಸೆರಗು ಹಿಡಿದು ನಿಂತು ಕೇಳಿ, ಮುಖ ಅರಳಿಸಿಕೊಂಡು ಒಲೆಯ ಮುಂದೆ ಹೋಗುತ್ತಿದ್ದಳು. ತಮ್ಮ ಎಷ್ಟು ಚಂದ ಬರೀತಾನೆ ಎಂದು ನನಗೆ ಹೇಳುತ್ತಿದ್ದಳು.

ತಂತಿಯಲ್ಲಿ ಬುಕ್ಕಸಾಗರದ ಕಾರ್ಡುಗಳು ಐದು ಇದ್ದವು. ನಡುವೆ ತೂತು ಬಿದ್ದಿದ್ದರಿಂದ ಒಂದೊಂದರಲ್ಲೂ ಒಂದೆರಡು ಅಕ್ಷರ ಹೋಗಿದ್ದವು. ಉಳಿದದ್ದು ಸಾಕಾಗಿತ್ತು. ಮೊದಲನೆಯದರಲ್ಲಿ, ಅವ್ವನಿಗೆ ಮೈಯಲ್ಲಿ ಹುಷಾರಿಲ್ಲ ಎಂದಿತ್ತು. ಎರಡನೆಯದರಲ್ಲಿ, ಅಕ್ಕನನ್ನು ಎಂಟು ದಿನದ ಮಟ್ಟಿಗೆ ಕಳಿಸಿಕೊಡಬೇಕು ಎಂದು ಬೇಡಿಕೊಂಡಿದ್ದ. ಮೂರು ನಾಲ್ಕರಲ್ಲೂ ಅದೇ. ಐದನೆಯದರಲ್ಲಿ ಅಕ್ಷರಗಳು ಸೊಟ್ಟಾಗಿದ್ದವು: ಅವ್ವ ಎದ್ದು ಕೂಡುವುದನ್ನು ಬಿಟ್ಟಿದ್ದಾಳೆ, ಅಕ್ಕ ಬಂದಳೇ ಬಂದಳೇ ಎಂದು ಕೇಳುತ್ತಾಳೆ, ತಾವು ಹಿರಿಯರು, ನನ್ನ ತಪ್ಪಿದ್ದರೆ ಮನ್ನಿಸಿ.

ನನಗೆ ಮೊದಲು ಅನ್ನಿಸಿದ್ದು, ನನಗೇ ಓದಲು ಬರುತ್ತಿಲ್ಲ ಎಂದು. ಅಪ್ಪ ಬೆಳಿಗ್ಗೆ ವಿಭೂತಿ ಧರಿಸಿ ಲಿಂಗಪೂಜೆ ಮಾಡದೆ ನೀರು ಮುಟ್ಟುವವನಲ್ಲ. ಸುಳ್ಳು ಹೇಳಿದ ಆಳನ್ನು ಗಿರಣಿಯಿಂದ ಹೊರಗೆ ಹಾಕಿದವನು. ಅಂಥವನು ಓದಿದ್ದು ಹೇಗೆ ತಪ್ಪಾಗುತ್ತದೆ? ಮರುದಿನ ಅಕ್ಕೋರನ್ನು ಕೇಳಿದೆ.

"ಅಕ್ಕೋರೆ, ದೊಡ್ಡೋರು ಕಾರ್ಡ್‌ನಾಗ ಒಂದಿದ್ರ ಇನ್ನೊಂದು ಓದ್ತಾರೇನ್ರಿ?"

ಅವರು ಕರಿಹಲಗೆ ಒರೆಸುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಕೇಳೋರಿಗೆ ಅಕ್ಷರ ಬರ್ತೈತೇನು?"

"ಇಲ್ರಿ."

"ಹಂಗಾರ ಏನು ಬೇಕಾದ್ರೂ ಓದಬಹುದು."

"ನಾ ಏನ್ ಮಾಡ್ಲಿ?"

"ಅದನ್ನ ನಾ ಹೇಳಾಕ ಬರಲ್ಲ" ಎಂದರು ಅಕ್ಕೋರು. "ನಾ ಓದೋದು ಕಲಿಸೀನಿ. ಓದಿದ್ದನ್ನ ಏನ್ ಮಾಡಬೇಕಂತ ನಿನಗ ತಿಳೀಬೇಕು."

ನನಗೆ ತಿಳಿದಿತ್ತು. ಆದರೂ ನಾನು ಆರು ದಿನ ಬಾಯಿ ಬಿಡಲಿಲ್ಲ. ಶಾಲೆ ನೋಡಲು ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಅವರ ಮುಂದೆ ಓದಲು ಅಪ್ಪ ನನ್ನನ್ನು ಆರಿಸಿದ್ದ, ಹಸಿರು ರೇಷ್ಮೆ ಲಂಗ ಹೊಲಿಸಲು ಕೊಟ್ಟಿದ್ದ. ಬಾಯಿ ಬಿಟ್ಟರೆ ಲಂಗ ಹೋಗುತ್ತದೆ ಎಂಬ ಲೆಕ್ಕ ನನಗೆ ಚೆನ್ನಾಗಿ ಬರುತ್ತಿತ್ತು. ಅಪ್ಪನನ್ನು ಹೀಯಾಳಿಸಿ ಬರೆಯುವವಳು ಇದನ್ನೂ ಬರೆಯಬೇಕು. ಒಂಬತ್ತು ವರ್ಷಕ್ಕೇ ನಾನು ಆ ಮನೆಯ ಮಗಳಾಗಿದ್ದೆ.

ಸಾಹೇಬರು ಬಂದರು. ನಾನು ತಪ್ಪಿಲ್ಲದೆ ಓದಿದೆ. ಸಾಹೇಬರು ತಲೆ ಸವರಿದರು. ಅಪ್ಪನ ಕಣ್ಣಲ್ಲಿ ನೀರು ಬಂತು. ನಿಜವಾದ ನೀರೇ. ಇಂಥ ಜನಕ್ಕೆ ಕಣ್ಣೀರು ಬರುವುದಿಲ್ಲ ಎಂದು ತಿಳಿಯಬಾರದು, ಸಲೀಸಾಗಿ ಬರುತ್ತದೆ.

ಮರುದಿನ ಬೆಳಿಗ್ಗೆ ಅಡಿಗೆಮನೆಗೆ ಹೋದೆ. ಕಬ್ಬಿನ ಗಾಣ ಹೂಡಿದ್ದ ಕಾಲ ಅದು. ಆಲೆಮನೆಯ ಆಳುಗಳಿಗೆಲ್ಲ ನಮ್ಮ ಮನೆಯಿಂದಲೇ ರೊಟ್ಟಿ ಹೋಗುತ್ತಿತ್ತು. ಅತ್ತಿಗೆ ನಸುಕಿನಿಂದ ರೊಟ್ಟಿ ಬಡಿಯುತ್ತ ಕೂತಿದ್ದಳು. ಅಪ್ಪ ಅವಳನ್ನು ಕಳಿಸದಿರಲು ರೀತಿ ರಿವಾಜು ಎಷ್ಟು ಕಾರಣವೋ ಆ ರೊಟ್ಟಿಗಳೂ ಅಷ್ಟೇ ಕಾರಣ ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ನಾನು ಗಿರಣಿಯಿಂದ ಲಂಗದಲ್ಲಿ ಮುಚ್ಚಿ ತಂದಿದ್ದ ಐದು ಕಾರ್ಡುಗಳನ್ನು ತೆಗೆದು, ಮೊದಲನೆಯದರಿಂದ ಓದತೊಡಗಿದೆ.

ಎರಡನೆಯದಕ್ಕೆ ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಿದಾಯಿತು. ಐದೂ ಮುಗಿದ ಮೇಲೆ ಅವಳು, "ಇನ್ನೊಮ್ಮೆ ಓದವ್ವ" ಎಂದಳು. ಇನ್ನೊಮ್ಮೆ ಓದಿದೆ. ಬಾಗಿಲಲ್ಲಿ ನಮ್ಮ ಅವ್ವ ನಿಂತಿದ್ದಳು. ಅವಳು ಯಾವಾಗ ಬಂದಳೋ ನನಗೆ ತಿಳಿಯದು.

ಅತ್ತಿಗೆ ಅಳಲಿಲ್ಲ. ಕೈಗೆ ಹತ್ತಿದ ಹಿಟ್ಟು ತೊಳೆದುಕೊಂಡು, ಐದೂ ಕಾರ್ಡುಗಳನ್ನು ತೆಗೆದುಕೊಂಡು ಪಡಸಾಲೆಗೆ ಹೋದಳು. ಅಪ್ಪ ಅಲ್ಲಿ ಪೂಜೆ ಮುಗಿಸಿ ಕೂತಿದ್ದ. ಅಣ್ಣ ಕಂಬಕ್ಕೆ ಒರಗಿ ಪತ್ರಿಕೆ ಓದುತ್ತಿದ್ದ. ಮಾವನ ಎದುರು ಅವಳು ನಿಂತು ಮಾತಾಡಿದ್ದು ಅದೇ ಮೊದಲು.

"ಮಾವಾರೆ, ನಮ್ಮವ್ವಗ ಆರಾಮಿಲ್ಲಂತ. ನಾ ಹೋಗಿ ಬರ್ತೀನ್ರಿ."

ಅಪ್ಪ ಕಾರ್ಡುಗಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ಗಾಣ ಮುಗೀಲಿ. ಆಮ್ಯಾಲ ನಾನಾ ಕಳಸ್ತೀನಿ. ವಯಸ್ಸಾದೋರಿಗೆ ಏನೋ ಒಂದು ಇದ್ದದ್ದ. ನಿನ್ನ ಮನಸ್ಸಿಗೆ ಯಾಕ ತ್ರಾಸ ಅಂತ ಹೇಳಿರಲಿಲ್ಲ."

ಅವಳು ಅಣ್ಣನ ಕಡೆ ತಿರುಗಿದಳು. ಅಣ್ಣ ಹೊಸಪೇಟೆಯಲ್ಲಿ ಹೈಸ್ಕೂಲು ಓದಿದವನು. ಖಾದಿ ತೊಡುತ್ತಿದ್ದ. ಸಭೆಗಳಲ್ಲಿ ಗುಲಾಮಗಿರಿ ಎಂಬ ಮಾತು ಬಂದಾಗ ಅವನ ದನಿ ನಡುಗುತ್ತಿತ್ತು. ಈಗ ಅವನು ಪತ್ರಿಕೆಯ ಹಾಳೆಯನ್ನು ಮಗುಚಿ ಹಾಕಿದ, ಅಷ್ಟೇ. ತಂತಿಯಲ್ಲಿದ್ದ ಕಾರ್ಡುಗಳನ್ನು ಅವನೂ ಓದಿದ್ದ ಎಂಬುದು ಆ ಹಾಳೆ ಮಗುಚಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಆಗ ಅವ್ವ ಹಿತ್ತಲಿಗೆ ಹೋಗಿ ಬಂಡಿಯಾಳನ್ನು ಕರೆದು ಎತ್ತು ಹೂಡಲು ಹೇಳಿದಳು. ಅಪ್ಪ, "ಯಾರು ಹೇಳಿದ್ರು ನಿನಗ?" ಎಂದ. ಅವ್ವ ಅವನ ಮುಖ ನೋಡದೆ, "ನಮ್ಮಪ್ಪ ಹಾಸಿಗಿ ಹಿಡಿದಾಗ ಬಂದ ಕಾಗದಾನೂ ಹಿಂಗ ಓದಿದ್ರೇನ್ರಿ ನೀವು ಅಪ್ಪಾ ಮಗ ಸೇರಿ?" ಎಂದಳು. ಅವ್ವನ ತಂದೆ ತೀರಿಕೊಂಡಾಗ ಅವಳು ತವರಿಗೆ ಹೋಗಿ ಮುಟ್ಟಿದ್ದು ಮಣ್ಣಾದ ಮೂರು ದಿನಕ್ಕೆ. ಆ ಕಾಗದವನ್ನು ಓದಿ ಹೇಳಿದವನು ನಮ್ಮ ಅಜ್ಜ, ಅಪ್ಪನ ತಂದೆ. ಇಪ್ಪತ್ತು ವರ್ಷ ಅವಳು ಆ ಬಗ್ಗೆ ಏನೂ ಕೇಳಿರಲಿಲ್ಲ. ಬಂಡಿ ಹೊರಟಿತು. ಜೊತೆಗೆ ಇರಲಿ ಎಂದು ಅವ್ವ ನನ್ನನ್ನೂ ಹತ್ತಿಸಿದಳು.

ಬುಕ್ಕಸಾಗರ ಮುಟ್ಟಿದಾಗ ಹೊತ್ತು ಇಳಿದಿತ್ತು. ಆ ಮನೆಯ ಮುದುಕಿ ಗೋಡೆಯ ಪಕ್ಕ ಕಂಬಳಿಯ ಮೇಲೆ ಮಲಗಿದ್ದಳು, ಒಂದು ಹಿಡಿ ಆಗಿದ್ದಳು. ಮಗಳನ್ನು ಗುರುತು ಹಿಡಿದಳು. "ಈಗ ಬಿಟ್ರೇನವ್ವ?" ಎಂದಳು. ಅತ್ತಿಗೆ, "ನನಗೀಗ ತಿಳೀತವ್ವ" ಎಂದಳು. ಹನ್ನೊಂದು ದಿನ ಮಗಳ ಕೈಯಿಂದ ಗಂಜಿ ಕುಡಿದು ಹನ್ನೆರಡನೆಯ ದಿನ ಬೆಳಿಗ್ಗೆ ತೀರಿಕೊಂಡಳು. ನಾನು ಬಾಯಿ ಮುಚ್ಚಿಕೊಂಡಿದ್ದ ಆರು ದಿನಗಳನ್ನು ಆ ಹನ್ನೊಂದಕ್ಕೆ ಕೂಡಿಸಿ ನೋಡಿಕೊಳ್ಳುವ ಅಭ್ಯಾಸ ನನಗೆ ಇಷ್ಟು ವಯಸ್ಸಾದರೂ ಹೋಗಿಲ್ಲ.

ಮಣ್ಣು ಮಾಡಿ ಐದು ದಿನಕ್ಕೆ ಅಣ್ಣ ಬಂದ. ಅಪ್ಪ ಬರಲಿಲ್ಲ. ಆಲೆಮನೆಯಲ್ಲಿ ತೊಂದರೆಯಾಗಿದೆ, ಕರೆದುಕೊಂಡು ಬಾ ಎಂದು ಕಳಿಸಿದ್ದ. ಅಂಗಳದಲ್ಲಿ ಅತ್ತಿಗೆಯ ಬಂಧುಬಳಗ ಕೂತಿತ್ತು. ಅಣ್ಣ ಕಟ್ಟೆಯ ಮೇಲೆ ಕೂತು, ಹೋದವರು ಪುಣ್ಯವಂತರು ಎಂದು ಏನೇನೋ ಹೇಳಿದ. ನೀರು ಕುಡಿದ. ಆಮೇಲೆ, "ಹೊರಡೂಣಲ್ಲ?" ಎಂದ.

ಅತ್ತಿಗೆ ಒಳಗಿನಿಂದ ಐದು ಕಾರ್ಡುಗಳನ್ನು ತಂದು ಅವನ ಮುಂದೆ ಇಟ್ಟಳು.

"ಇವನ್ನ ಓದಿ ಹೇಳ್ರಿ. ಆಮ್ಯಾಲ ಹೊರಡೂಣು."

"ಇದೇನಿದು, ಇಷ್ಟು ಜನದಾಗ..." ಎಂದ ಅಣ್ಣ.

"ಜನ ಇರ್ಲಿ. ನಿಮ್ಮಪ್ಪಾರು ಮನಿ ಮಂದಿಗೆಲ್ಲಾ ಕೇಳೂ ಹಂಗ ಓದ್ತಿದ್ರು. ನಿಮಗ ಬರ್ತೈತಲ್ಲ, ಓದ್ರಿ."

ಅವಳ ತಮ್ಮ ಎದ್ದು, "ಬಿಡಕ್ಕ, ಹೋಗ್ಲಿ" ಎಂದ. ತಾನೇ ಬರೆದದ್ದನ್ನು ಕೇಳುವ ಶಕ್ತಿ ಅವನಿಗಿರಲಿಲ್ಲ. ಅತ್ತಿಗೆ ಅವನಿಗೆ ಕೂಡಲು ಹೇಳಿದಳು. ಒಬ್ಬ ಮುದುಕ, "ಓದ್ರಿ ಅಳಿಯಾರೆ, ಹೆಣ್ಮಗಳು ಕೇಳ್ತಾಳ" ಎಂದ.

ಅಣ್ಣ ಓದಿದ. ಮೊದಲನೆಯದನ್ನು ಗೊಣಗುವ ಹಾಗೆ ಓದಿದ. ಅತ್ತಿಗೆ, "ಕೇಳ್ಸಲ್ಲ" ಎಂದಳು. ಮತ್ತೆ ಓದಿದ. ತೂತು ಬಿದ್ದ ಕಡೆ ಬರುವಾಗ ನಿಲ್ಲುತ್ತಿದ್ದ. ಅಲ್ಲಿ ಏನಿತ್ತು ಎಂದು ಅವಳ ತಮ್ಮ ತಲೆ ಎತ್ತದೆ ಹೇಳುತ್ತಿದ್ದ. ಐದನೆಯದರ "ತಾವು ಹಿರಿಯರು, ನನ್ನ ತಪ್ಪಿದ್ದರೆ ಮನ್ನಿಸಿ" ಎಂಬಲ್ಲಿಗೆ ಬಂದಾಗ ಅಣ್ಣನ ದನಿ ಹೋಯಿತು. ಸಭೆಗಳಲ್ಲಿ ನಡುಗುವ ದನಿಯಲ್ಲ, ಬೇರೆಯದು. ಅವನು ಕಾರ್ಡನ್ನು ಮುಖದ ಹತ್ತಿರ ಹಿಡಿದು ಮುಗಿಸಿದ.

"ಸರಿಯಾಗೇ ಓದ್ತೀರಲ್ಲ" ಎಂದಳು ಅತ್ತಿಗೆ. ಅಷ್ಟೇ. ತನ್ನ ಗಂಟು ತಂದು ಬಂಡಿ ಹತ್ತಿದಳು. ಅವಳು ಬರಬಾರದಿತ್ತು ಎಂದು ನನಗೆ ಸಿಟ್ಟಿತ್ತು. ಎಲ್ಲಿಗೆ ಹೋಗಬೇಕಿತ್ತು ಅವಳು? ಅದನ್ನು ಆ ಕಾಲದ ಯಾವ ಹಿರಿಯರೂ ತೀರ್ಮಾನ ಮಾಡಿರಲಿಲ್ಲ.

ನಾವು ಕಂಪ್ಲಿಗೆ ಬಂದು ನೋಡುವಾಗ ಶಾಲೆಯ ಬಾಗಿಲಿಗೆ ಬೀಗ ಬಿದ್ದಿತ್ತು. ನಾನು ಊರಲ್ಲಿ ಇಲ್ಲದ ದಿನಗಳಲ್ಲಿ ಅಪ್ಪ ಹಿರಿಯರನ್ನು ಕೂಡಿಸಿದ್ದ. ತಾನು ಕಾರ್ಡನ್ನು ತಪ್ಪಾಗಿ ಓದಿದೆ ಎಂದು ಅಲ್ಲಿ ಹೇಳಿರಲಿಲ್ಲ. ಟೀಚರು ಹುಡುಗಿಯರಿಗೆ ಮನೆಯ ಕಾಗದಪತ್ರ ಕದ್ದು ಓದಲು ಕಲಿಸುತ್ತಿದ್ದಾಳೆ ಎಂದು ಹೇಳಿದ್ದ. ಅದು ಎಲ್ಲರಿಗೂ ತಾಗಿತು. ಪ್ರತಿಯೊಬ್ಬನ ಗೋಡೆಗೂ ಒಂದು ತಂತಿ ಇತ್ತಲ್ಲ. ಮರುದಿನದಿಂದ ಒಬ್ಬ ಹುಡುಗಿಯೂ ಶಾಲೆಗೆ ಹೋಗಲಿಲ್ಲ. ಮಕ್ಕಳೇ ಬಾರದ ಶಾಲೆ ಯಾಕೆ ಎಂದು ಅದನ್ನು ಮುಚ್ಚಿದರು. ಹೆಣ್ಣುಮಕ್ಕಳಿಗೆ ಓದಿನಲ್ಲಿ ಆಸಕ್ತಿ ಇಲ್ಲ ಎಂದು ಹಿರಿಯರು ಮೇಲಿನವರಿಗೆ ಬರೆದು, ಐದೂ ಜನ ರುಜು ಹಾಕಿದರು. ಶಾಲೆಯಿದ್ದ ಮನೆಯಲ್ಲಿ ಬತ್ತದ ಚೀಲ ಪೇರಿಸಿದರು. ಅಕ್ಕೋರನ್ನು ಪಾಪಿನಾಯಕನಹಳ್ಳಿಗೆ ಹಾಕಿದರು ಎಂದು ಕೇಳಿದೆ. ಹೋಗುವಾಗ ಅವರು ನಮ್ಮ ಅವ್ವನ ಕೈಯಲ್ಲಿ ಆ ಒಂದೇ ವಾಚಕವನ್ನು ಕೊಟ್ಟು ಹೋಗಿದ್ದರು.

ಗಾಣ ಮುಗಿದ ಮೇಲೆ ಅತ್ತಿಗೆ ಒಂದು ಮಧ್ಯಾಹ್ನ ಆ ಪುಸ್ತಕ ಹಿಡಿದು ನನ್ನ ಮುಂದೆ ಕೂತಳು. "ಅಕ್ಷರ ತೋರ್ಸು" ಎಂದಳು. ಹಿತ್ತಲಲ್ಲಿ, ಬೂದಿ ಹರವಿ, ಬೆರಳಿನಲ್ಲಿ ತಿದ್ದಿದಳು. ನಾನು ಒಳ್ಳೆಯ ಟೀಚರಲ್ಲ, ಬೈಯುತ್ತಿದ್ದೆ. ಅವಳು ಬೈಸಿಕೊಂಡೇ ಕಲಿತಳು. ಎರಡು ಬೇಸಿಗೆ ಹಿಡಿಯಿತು. ಅವ್ವ ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕೂಡುತ್ತಿದ್ದಳು. ಕಲಿ ಎಂದರೆ, "ನನಗ ಬರಿಯೋರು ಯಾರೂ ಉಳಿದಿಲ್ಲ, ಯಾರ ಕಾಗದ ಓದ್ಲಿ" ಎನ್ನುತ್ತಿದ್ದಳು.

ಒಂದು ದಿನ ಟಪಾಲಿನವನು ಗಿರಣಿಗೆ ಹೋಗುವ ಮೊದಲೇ ಅತ್ತಿಗೆ ಅವನನ್ನು ಬಾಗಿಲಲ್ಲಿ ನಿಲ್ಲಿಸಿ, ಬುಕ್ಕಸಾಗರದ ಕಾರ್ಡನ್ನು ಕೇಳಿ ತೆಗೆದುಕೊಂಡಳು. ವಿಳಾಸದಲ್ಲಿ ತನ್ನ ಹೆಸರಿರುವುದನ್ನು ತಾನೇ ಓದಿ ತೋರಿಸಿದಳು. ಅವನಿಗೆ ಕೊಡದೆ ಇರಲು ಕಾರಣ ಸಿಗಲಿಲ್ಲ. ಅಪ್ಪನಿಗೆ ಸುದ್ದಿ ಮುಟ್ಟಿತು. ಸಂಜೆ ಊಟಕ್ಕೆ ಕೂತಾಗ ಏನು ಬರೆದಿದ್ದಾನೆ ಎಂದು ಕೇಳಿದ. ಅವಳು ಒಳಗಿನಿಂದಲೇ, "ಎಲ್ಲಾರೂ ಆರಾಮ ಅದಾರ್ರಿ" ಎಂದಳು. ಕಾರ್ಡು ಅವಳ ಪೆಟ್ಟಿಗೆ ಸೇರಿತ್ತು, ಅದು ನಿಜವೋ ಸುಳ್ಳೋ ಅಪ್ಪನಿಗೆ ತಿಳಿಯುವ ದಾರಿ ಇರಲಿಲ್ಲ.

ಅಪ್ಪ ಬದಲಾದನೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಐದಾರು ವರ್ಷಗಳ ನಂತರ ನನ್ನನ್ನು ನೋಡಲು ಹೊಸಪೇಟೆಯವರು ಬಂದರು. ಅಪ್ಪ ನನ್ನ ಕೈಗೆ ಪತ್ರಿಕೆ ಕೊಟ್ಟು ಓದಿಸಿದ. ಅದು ಸಾಲದೆಂದು, "ನಮ್ಮನ್ಯಾಗ ಸೊಸಿಗೂ ಓದಾಕ ಬರ್ತೈತ್ರಿ. ನಾನಾ ಮನ್ಯಾಗ ಇಟ್ಟು ಕಲಿಸೀನಿ" ಎಂದ. ಬಂದವರು ಮೆಚ್ಚಿ ತಲೆಯಾಡಿಸಿದರು. ಅಣ್ಣನೂ ಅಲ್ಲೇ ಇದ್ದ, ಅವನೂ ತಲೆಯಾಡಿಸಿದ. ನನ್ನ ಸಂಬಂಧ ಅಂದೇ ಗಟ್ಟಿಯಾಯಿತು. ಚಹಾದ ಲೋಟಗಳನ್ನು ತೆಗೆಯಲು ಬಂದ ಅತ್ತಿಗೆ ಆ ಮಾತನ್ನು ಕೇಳಿದಳು, ಯಾರ ಮುಖವನ್ನೂ ನೋಡಲಿಲ್ಲ, ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು.